ಕಾಲೊನಿ ಶಾವಿಗಿ, ಕ್ಯಾಬೀಜಿನ ದಂಟು

ನನಗೆ ಕೆದಕುವ ಚಟ. ಹಳಿಯಾಳದ ತವರುಮನೆಯಲ್ಲಿ ಅದಕ್ಕೆ ಬೈಸಿಕೊಂಡಷ್ಟು ಇನ್ಯಾವುದಕ್ಕೂ ಬೈಸಿಕೊಂಡಿಲ್ಲ. ಪಕ್ಕದ ಮನೆಯ ಬೀಗರು ಯಾಕೆ ಉಣ್ಣದೆ ಎದ್ದು ಹೋದರು, ಬಳೆಗಾರ ಈ ಸಲ ಯಾಕೆ ಆ ಓಣಿಗೆ ಹೋಗಲಿಲ್ಲ, ಇವೆಲ್ಲ ಗೊತ್ತಾಗದಿದ್ದರೆ ನನಗೆ ತಿಂದದ್ದು ಕರಗುವುದಿಲ್ಲ. ಸನವಳ್ಳಿಗೆ ಸೊಸೆಯಾಗಿ ಬಂದ ಮೇಲೂ ಚಟ ಬಿಡಲಿಲ್ಲ. ಇಷ್ಟಿದ್ದೂ, ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕೂತೂ, ನಮ್ಮ ಅತ್ತೆಯವರ ಬಗ್ಗೆ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅದು ಗೊತ್ತಾದದ್ದು ಕಳೆದ ವರ್ಷ, ಅವರು ಊಟ ಬಿಟ್ಟಾಗ.

ಜ್ವರ ಬಂದು ಹೋಗಿ ತಿಂಗಳಾಗಿತ್ತು. ಹೋಗುವಾಗ ನಾಲಗೆಯ ರುಚಿಯನ್ನೂ ಜೊತೆಗೆ ಕಟ್ಟಿಕೊಂಡು ಹೋಗಿತ್ತು. ಗಂಜಿ ಕೊಟ್ಟರೆ ಮಣ್ಣು, ಮೆತ್ತಗೆ ಅನ್ನ ಸಾರು ಕಲಸಿ ಕೊಟ್ಟರೆ ಮಣ್ಣು, ತಾವೇ ಬಯಸಿ ಮಾಡಿಸುತ್ತಿದ್ದ ಮಾದಲಿಯೂ ಮಣ್ಣು. ಎರಡು ಚಮಚ ನುಂಗಿ ತಾಟನ್ನು ಮಂಚದ ಕೆಳಗೆ ತಳ್ಳಿಬಿಡುತ್ತಿದ್ದರು. ಕುಪ್ಪಸದ ತೋಳು ಸಡಿಲಾಗಿ ಜೋತಾಡುತ್ತಿತ್ತು. ಗುರುವಾರ ಡಾಕ್ಟರು ನೋಡಿ, ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ, ಖಾರವೋ ಹುಳಿಯೋ ಬಾಯಿ ಬೇಡಿದ್ದನ್ನು ಕೊಡಿ ಎಂದರು. ಸೋಮವಾರದ ಹೊತ್ತಿಗೂ ಹೀಗೇ ಇದ್ದರೆ ಅಡ್ಮಿಟ್ ಮಾಡಿ ಮೂಗಿನಿಂದ ನಳಿಗೆ ಇಳಿಸಬೇಕಾಗುತ್ತದೆ ಎಂದೂ ಹೇಳಿದರು. ನಳಿಗೆ ಅಂದ ಕೂಡಲೇ ಅತ್ತೆ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ಅವರ ಅಕ್ಕನಿಗೆ ಹಾಗೆ ನಳಿಗೆ ಹಾಕಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ಆ ಅಕ್ಕ ಮನೆಗೆ ಮರಳಲಿಲ್ಲ.

ಮನೆಗೆ ಬಂದು ಮಂಚದ ಮೇಲೆ ಕೂರಿಸಿ, ಏನು ಮಾಡಿಕೊಡಲಿ, ಬಾಯಿಬಿಟ್ಟು ಹೇಳಿ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು. ಅವರು ಗೋಡೆಯ ಕಡೆ ಮುಖ ಮಾಡಿ ಹೇಳಿದರು.

"ಕಾಲೊನಿ ಶಾವಿಗಿ ಇದ್ದಿದ್ರ ತಿಂತಿದ್ನೇನೋ."

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಕಾಲೊನಿ ಅಂದರೆ ನಮ್ಮ ಮುಂಡಗೋಡಿನ ಟಿಬೆಟನ್ ಕಾಲೊನಿ. ನಮ್ಮ ಹೊಲದ ಬದುವಿನಾಚೆಗೆ ಅವರ ಗೊಂಜಾಳದ ಹೊಲಗಳು ಶುರುವಾಗುತ್ತವೆ. ಅತ್ತೆ ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ವಾರಕ್ಕೊಮ್ಮೆ ಅಲ್ಲಿಗೆ ಕ್ಯಾಬೀಜು ಹೊತ್ತು ಮಾರಿ ಬರುತ್ತಿದ್ದರಂತೆ, ಅಷ್ಟು ನನಗೆ ಗೊತ್ತು. ಆದರೆ ಲಿಂಗಪೂಜೆಯಾಗದೆ ಚಹಾ ಮುಟ್ಟದ, ಬೀಗರ ಮನೆಯಲ್ಲೂ ಒಲೆ ಯಾರು ಹಚ್ಚಿದರು ಎಂದು ವಿಚಾರಿಸಿ ಉಣ್ಣುವ ಹೆಂಗಸು ಇವರು. ಒಮ್ಮೆ ನನ್ನ ತಮ್ಮ ದಾಂಡೇಲಿಯಿಂದ ಬರುವಾಗ ಅಣಬೆಯ ಪೊಟ್ಟಣ ತಂದಿದ್ದ. ನಮ್ಮ ಮನೆಯಲ್ಲಿ ಅಣಬೆ ಅಂದರೆ ಮಾಂಸಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಅತ್ತೆ ಅದನ್ನು ಹಿತ್ತಲ ಕಟ್ಟೆಯ ಮೇಲಿಂದಲೇ ವಾಪಸು ಕಳಿಸಿ, ಕಟ್ಟೆಗೆ ನೀರು ಹೊಯ್ಯಿಸಿದ್ದರು. ಇಂಥವರು ಕಾಲೊನಿಯಲ್ಲಿ ಕೂತು ಏನೋ ತಿಂದಿದ್ದಾರೆ ಎಂದರೆ? ಯಾವಾಗ, ಯಾರ ಮನೆಯಲ್ಲಿ ಎಂದು ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದಿರಲಿಲ್ಲ, ನನಗೆ ಗೊತ್ತು.

ಶುಕ್ರವಾರ ಸ್ಕೂಟಿ ತೆಗೆದುಕೊಂಡು ಕಾಲೊನಿಗೆ ಹೋದೆ. ಅಲ್ಲೊಂದು ಪರದೆ ಕಟ್ಟಿದ ಸಣ್ಣ ಅಂಗಡಿ. ಮುಂದೆ ಮಾರಾಟ, ಹಿಂದೆ ಹಿಟ್ಟು ಲಟ್ಟಿಸಿ ನೂಡಲ್ಸ್, ಅಂದರೆ ಅತ್ತೆಯ ಕಾಲೊನಿ ಶಾವಿಗಿ, ಕತ್ತರಿಸುವ ಕೆಲಸ. ಆಗ ತಾನೇ ಕತ್ತರಿಸಿದ ನೂಡಲ್ಸನ್ನು ಹಿಟ್ಟು ಉದುರಿಸಿ, ಸಿಂಬಿ ಸುತ್ತಿ, ಕಾಗದದಲ್ಲಿ ಕಟ್ಟಿಕೊಟ್ಟರು. ಜೊತೆಗೆ ಸೋಯಾ ಸಾಸಿನ ಬಾಟಲಿ. ಇವತ್ತೇ ಮಾಡಿಬಿಡಿ ಎಂದು ಅಂಗಡಿಯಾಕೆ ಎರಡೆರಡು ಸಲ ಹೇಳಿದಳು. ನಾನು ಹೂಂ ಹೂಂ ಎಂದು ತಲೆ ಆಡಿಸಿದೆ.

ಮನೆಗೆ ಬಂದು ಬಿಚ್ಚಿ ನೋಡಿದರೆ ಎಳೆಗಳು ಹಸಿಹಸಿ, ತಣ್ಣಗೆ, ಒಂದಕ್ಕೊಂದು ಹತ್ತಿಕೊಂಡಿವೆ. ಹಸಿ ಶಾವಿಗೆಯನ್ನು ಯಾರಾದರೂ ಹಾಗೇ ಕುದಿಸುತ್ತಾರೆಯೇ? ನನ್ನ ಅಜ್ಜಿ, ನನ್ನ ತಾಯಿ, ನಾನು, ಮೂರು ತಲೆಮಾರು ಶಾವಿಗೆ ಹೊಸೆದು ಕೋಲಿಗೆ ಹಾಕಿ ಬಿಸಿಲಿಗೆ ಒಣಗಿಸಿದ ಕೈಗಳು ನಮ್ಮವು. ಅಂಗಡಿಯಾಕೆಗೆ ಅವಸರ, ಅದಕ್ಕೇ ಹಾಗೆ ಕೊಟ್ಟಿದ್ದಾಳೆ ಎಂದು ನಾನೇ ತೀರ್ಮಾನ ಮಾಡಿದೆ. ಮಳೆ ಹಿಂದೆ ಸರಿದು ಒಳ್ಳೆಯ ಬಿಸಿಲು ಬಿದ್ದಿತ್ತು. ಮಾಳಿಗೆಯ ಮೇಲೆ ಹೊರಸು ಹಾಕಿ, ತೊಳೆದ ಧೋತರ ಹಾಸಿ, ಒಂದೊಂದೇ ಎಳೆ ಬಿಡಿಸಿ ಹರವಿದೆ. ಕಾಗೆ ಬಾರದ ಹಾಗೆ ಕೋಲು ಹಿಡಿದು ಕೂತೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಮುಟ್ಟಿದರೆ ಲಟಲಟ ಮುರಿಯುತ್ತಿದ್ದವು. ನನಗೆ ಬಹಳ ಸಮಾಧಾನವಾಯಿತು.

ಆಮೇಲೆ ಮಾಡಬೇಕಾದದ್ದನ್ನೆಲ್ಲ ಮಾಡಿದೆ. ತುಪ್ಪದಲ್ಲಿ ಕೆಂಪಗೆ ಹುರಿದೆ, ನೀರು ಹಾಕಿ ಮುಚ್ಚಿ ಬೇಯಿಸಿದೆ, ಸಣ್ಣಗೆ ಹೆಚ್ಚಿದ ಕ್ಯಾಬೀಜು, ಹಸಿಮೆಣಸಿನಕಾಯಿ, ಒಂದು ಚೂರು ಅರಿಶಿನ, ಮೇಲೆ ಸೋಯಾ ಸಾಸು. ಮುಚ್ಚಳ ತೆಗೆದಾಗ ಒಳಗೆ ಎಳೆಯೂ ಇಲ್ಲ, ಶಾವಿಗೆಯೂ ಇಲ್ಲ. ಕಂದು ಬಣ್ಣದ ಅಂಟು. ಚಮಚ ನಿಲ್ಲಿಸಿದರೆ ನೆಟ್ಟಗೆ ನಿಂತಿತು. ಅದನ್ನೇ ತಾಟಿಗೆ ಹಾಕಿ ಒಯ್ದೆ. ಅತ್ತೆ ಬಗ್ಗಿ ನೋಡಿದರು, ಬೆರಳಲ್ಲಿ ಮುಟ್ಟಿದರು, ಬೆರಳು ಬಿಡಿಸಿಕೊಳ್ಳಲು ಸ್ವಲ್ಪ ಕಷ್ಟಪಟ್ಟರು.

"ಇದನ್ನ ಗ್ವಾಡಿಗೆ ಕ್ಯಾಲೆಂಡರ್ ಹಚ್ಚಾಕ ಇಟ್ಕೋವಾ," ಎಂದರು.

ನಾನು ಒಣಗಿಸಿದ ಕಥೆ ಹೇಳಿದೆ. ಹೊರಸು, ಧೋತರ, ಕಾಗೆ ಎಲ್ಲ. ಅವರಿಗೆ ನಗು ಬಂತು. ಮೊದಲು ಭುಜ ಅಲುಗಿತು, ಆಮೇಲೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಒಂದು ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ನಗುವಿನ ನಡುವೆ, ಅವಳು ಒಣಗಿಸುತ್ತಿರಲಿಲ್ಲ, ಹಸಿಯದನ್ನೇ ಕುದಿಯುವ ನೀರಿಗೆ ಬಿಡುತ್ತಿದ್ದಳು ಎಂದುಬಿಟ್ಟರು.

ಅವಳು ಅಂದರೆ ಯಾರು? ಈಗ ನನ್ನನ್ನು ಯಾರೂ ತಡೆಯುವಂತಿರಲಿಲ್ಲ. ಕಾಲು ಒತ್ತುತ್ತ ಕೇಳಿದೆ, ತಲೆ ಬಾಚುತ್ತ ಕೇಳಿದೆ. ಕಡೆಗೆ ಇಷ್ಟು ಹೊರಬಂತು: ಕ್ಯಾಬೀಜು ಕೊಳ್ಳುತ್ತಿದ್ದ ಒಬ್ಬ ಹೆಂಗಸು, ಹಲಸಿನ ಗಿಡದ ಪಕ್ಕದ ಮನೆ. ವಾರಕ್ಕೊಮ್ಮೆ ಅಲ್ಲಿ ಬುಟ್ಟಿ ಇಳಿಸಿ, ಶಾವಿಗೆ ತಿಂದು ಬರುತ್ತಿದ್ದರು. ಮೊಣಕಾಲು ನೋವು ಶುರುವಾದ ಮೇಲೆ ಹೋಗುವುದು ನಿಂತಿತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಿಂದೆ ಎಂದು ಹೇಳಿದ್ದರೆ ಅವರ ಅತ್ತೆ ಅವರನ್ನು ಹೊಸ್ತಿಲ ಒಳಗೆ ಬಿಡುತ್ತಿರಲಿಲ್ಲವಂತೆ.

ಭಾನುವಾರ ಬೆಳಿಗ್ಗೆ ಮತ್ತೆ ಸ್ಕೂಟಿ. ಹಲಸಿನ ಗಿಡ ಸಿಕ್ಕಿತು. ಅಂಗಳದ ಬಿಸಿಲಲ್ಲಿ ಒಬ್ಬ ಮುದುಕಿ ಸ್ಟೂಲಿನ ಮೇಲೆ ಕೂತು ಜಪಮಣಿ ಎಣಿಸುತ್ತಿದ್ದರು. ಕಾಲೊನಿಯಲ್ಲಿ ತಾಯಿಯನ್ನು ಅಮಾಲಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಸನವಳ್ಳಿಯಿಂದ ಬಂದೆ ಎಂದದ್ದೇ ತಡ, ಮಣಿ ನಿಂತಿತು. ನನ್ನನ್ನು ಕೇಳದೆ ನನ್ನ ಚೀಲದೊಳಗೆ ಇಣುಕಿದರು, ಕ್ಯಾಬೀಜು ಇದೆಯೇನೋ ಎಂಬಂತೆ. ಆಮೇಲೆ ನಮ್ಮ ಕನ್ನಡದಲ್ಲೇ, ಅಕ್ಕ ಹೇಗಿದ್ದಾಳೆ ಎಂದು ಕೇಳಿದರು. ಅಕ್ಕ ಅಂದರೆ ನಮ್ಮ ಅತ್ತೆ. ನಾನು ಊಟ ಬಿಟ್ಟದ್ದು, ನಾಳೆಯ ನಳಿಗೆ, ಶಾವಿಗೆಯ ಆಸೆ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಎದ್ದರು. ಅವರಿಗೂ ಮೊಣಕಾಲು ನೋವು. ಬಾಗಿಲ ಚೌಕಟ್ಟು ಹಿಡಿದು ಹಿಡಿದು ಒಳಗೆ ಕರೆದೊಯ್ದರು.

ಅಡುಗೆಮನೆಯ ಪಾತ್ರೆಗಳೆಲ್ಲ ಒಂದು ಕಡೆ. ಅವುಗಳಿಂದ ದೂರ, ಕಿಟಕಿಯ ಪಕ್ಕದ ಮೊಳೆಗೆ ಒಂಟಿಯಾಗಿ ಒಂದು ಕಬ್ಬಿಣದ ಕಡಾಯಿ ತೂಗುತ್ತಿತ್ತು. ಅದರ ಕಿವಿಗೆ ಕೆಂಪು ದಾರ. ದಾರ ಹಳೆಯದಾಗಿ ಕಂದಿತ್ತು, ಆದರೆ ಕಡಾಯಿ ಎಣ್ಣೆ ಸವರಿ ಇಟ್ಟಂತೆ ಹೊಳೆಯುತ್ತಿತ್ತು. ಅದು ಅಕ್ಕನದು ಎಂದರು. ಮನೆಯಲ್ಲಿ ಮಾಂಸ ಬೇಯುತ್ತದೆ, ಅಕ್ಕ ತಿನ್ನುವವಳಲ್ಲ, ಅದಕ್ಕೆ ಅವಳಿಗೇ ಬೇರೆ ಕಡಾಯಿ. ಗುರುತು ತಪ್ಪಿ ಯಾರೂ ಮುಟ್ಟಬಾರದೆಂದು ದಾರ. ಇಷ್ಟು ವರ್ಷ ಅವಳು ಬರದಿದ್ದರೂ ಅದರಲ್ಲಿ ಇನ್ನೇನನ್ನೂ ಬೇಯಿಸಿಲ್ಲವಂತೆ. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಎಣ್ಣೆ ಸವರುತ್ತ ಬಂದಿದ್ದರು. ನಾನು ಅಳುವುದನ್ನು ತಪ್ಪಿಸಿಕೊಳ್ಳಲು, ಹೇಗೆ ಮಾಡುವುದು ಹೇಳಿ ಎಂದೆ.

ಹೇಳಿದರು. ಒಣಮೆಣಸಿನಕಾಯಿ ನೆನೆಸಿ ಬೆಳ್ಳುಳ್ಳಿಯ ಜೊತೆ ಅರೆಯಬೇಕು. ಅದಕ್ಕೆ ನಾಲ್ಕೇ ನಾಲ್ಕು ಜುಮ್ಮನಕಾಯಿ. ಈ ಕಾಯಿಯನ್ನು ಜೊಯಿಡಾ ಕಡೆಯವರು ಮೀನಿನ ಸಾರಿಗೆ ಹಾಕುತ್ತಾರೆ, ಕಚ್ಚಿದರೆ ನಾಲಗೆ ಜುಂ ಎನ್ನುತ್ತದೆ. ಇಂಥದೇ ಒಂದು ಕಾಳು ಅವರ ದೇಶದಲ್ಲಿ ಇತ್ತಂತೆ. ಇಲ್ಲಿಗೆ ಬಂದ ಹೊಸದರಲ್ಲಿ ಅದು ಸಿಗದೆ, ಸಂತೆಯಲ್ಲಿ ಇದನ್ನು ಕಚ್ಚಿ ನೋಡಿ ಅವರ ತಾಯಿ ಊರು ನೆನಪಾಗಿ ಅಲ್ಲೇ ಕೂತುಬಿಟ್ಟಿದ್ದರಂತೆ. ಮೀನಿನವರ ಸಾಮಾನು ನಮ್ಮ ಮನೆಗೆ ಹೇಗೆ ಎಂದು ಒಂದು ಕ್ಷಣ ಅನ್ನಿಸಿತು. ಗಿಡದ ಕಾಯಿ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಕ್ಯಾಬೀಜನ್ನು ಚಾಕುವಿನಿಂದ ಹೆಚ್ಚಬಾರದು, ಕೈಯಿಂದ ಹರಿಯಬೇಕು, ದೊಡ್ಡ ಉರಿಯಲ್ಲಿ ಅರೆಬೆಂದಾಗಲೇ ಇಳಿಸಬೇಕು. ಆಮೇಲೆ ಅಣಬಿ ಹಾಕು ಎಂದರು.

ನಾನು ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ಏನು ಹಾಕು ಅಂದಿರಿ ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

ಮೊದಲ ಸಲ ಅತ್ತೆ ಮಳೆಯಲ್ಲಿ ತೊಯ್ದು, ಹಸಿದು ಬಂದಿದ್ದರಂತೆ. ಮಾಂಸ ತಾಗದ ಪಾತ್ರೆ ಹುಡುಕಿ ಇವರು ಬಿಸಿ ಶಾವಿಗೆ ಮಾಡಿಕೊಟ್ಟರು. ಅಣಬೆ ಕೂಡ ಕಾಯಿಪಲ್ಲೆಯೇ ಎಂಬುದು ಇವರ ಲೆಕ್ಕ. ಅತ್ತೆ ಒಂದು ತುಂಡು ಅಗಿದು, ಇದೇನು ಎಂದು ಕೇಳಿದರು. ಆ ಮುಖ ನೋಡಿದಾಗ ತಾನು ಏನೋ ತಪ್ಪು ಮಾಡಿದೆ ಎಂದು ಇವರಿಗೆ ಗೊತ್ತಾಯಿತು. ಗಾಬರಿಯಲ್ಲಿ, ನೀನೇ ತಂದ ಕ್ಯಾಬೀಜಿನ ದಂಟು, ಒಣಗಿಸಿ ಇಟ್ಟಿದ್ದೆ ಎಂದುಬಿಟ್ಟರು. ಮುಂದಿನ ವಾರ ಅಣಬೆ ಬಿಟ್ಟು ಮಾಡಿದರು. ಅತ್ತೆ ತಾಟೆಲ್ಲ ಕೆದಕಿ, ದಂಟು ಯಾಕೆ ಹಾಕಿಲ್ಲ ಎಂದು ಕೇಳಿದರಂತೆ. ಅಲ್ಲಿಂದ ಮುಂದೆ ಪ್ರತಿ ವಾರವೂ ದಂಟು.

"ಪಾಪ ನಂದು. ಅಕ್ಕಗ ಹೇಳಬ್ಯಾಡ," ಎಂದು ನನ್ನ ಎರಡೂ ಕೈ ಹಿಡಿದರು. "ಆಕಿ ದೇವರ ಹೆಣ್ಮಗಳು. ಗೊತ್ತಾದ್ರ ತಡಕೊಳ್ಳಂಗಿಲ್ಲ."

ಕಡಾಯಿಯನ್ನು ಮೊಳೆಯಿಂದ ಇಳಿಸಿ ನನ್ನ ಚೀಲಕ್ಕೆ ಹಾಕಿದರು. ಹಸಿ ನೂಡಲ್ಸು, ಜುಮ್ಮನಕಾಯಿ, ಅಣಬೆಯ ಪೊಟ್ಟಣ ಎಲ್ಲ ಅದರೊಳಗೆ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಜಗಳ. ಅಣಬೆ ಬಿಟ್ಟು ಮಾಡಿದರೆ ಅತ್ತೆ ತಿನ್ನುವುದಿಲ್ಲ, ನಾಳೆ ನಳಿಗೆ. ಹೇಳದೆ ಹಾಕಿದರೆ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮುದುಕಿಗೆ ಅವರ ಮನೆಯಲ್ಲೇ ನಾನು ಮೋಸ ಮಾಡಿದ ಹಾಗೆ. ಹೇಳಿ ಹಾಕಿದರೆ ತಾಟು ಮಂಚದ ಕೆಳಗೆ ಹೋಗುತ್ತದೆ, ಅಷ್ಟು ವರ್ಷ ತಿಂದದ್ದೂ ಈಗ ಹೊಟ್ಟೆಯಲ್ಲಿ ತಿರುಗುತ್ತದೆ. ಮನೆಗೆ ಬಂದು ಯಜಮಾನರನ್ನು ಕೇಳಿದರೆ, ನೀನುಂಟು ನಿನ್ನ ಅತ್ತೆಯುಂಟು ಎಂದು ಹೊಲಕ್ಕೆ ಹೋದರು. ಗಂಡಸರಿಗೆ ಇಂಥ ಹೊತ್ತಲ್ಲಿ ಹೊಲ ಬಹಳ ನೆನಪಾಗುತ್ತದೆ.

ಅಡುಗೆಮನೆಗೆ ಅಣಬೆ ಒಯ್ಯುವ ಧೈರ್ಯ ನನಗಿರಲಿಲ್ಲ. ಹಿತ್ತಲಲ್ಲಿ ಬಚ್ಚಲ ಒಲೆಯ ಮೇಲಿನ ಹಂಡೆ ಇಳಿಸಿ, ಸೌದೆ ಒಟ್ಟಿ, ಕಡಾಯಿ ಇಟ್ಟೆ. ನೂಡಲ್ಸನ್ನು ಈ ಸಲ ಹಸಿಯದನ್ನೇ ಕುದಿಯುವ ನೀರಿಗೆ ಬಿಟ್ಟೆ. ಎರಡು ನಿಮಿಷಕ್ಕೆ ಎಳೆಗಳು ಮೇಲೆ ತೇಲಿದವು, ಸೋಸಿ ಎಣ್ಣೆ ಸವರಿಟ್ಟೆ. ಅಣಬೆಯನ್ನು ನಾನು ಜೀವಮಾನದಲ್ಲಿ ಮುಟ್ಟಿರಲಿಲ್ಲ. ಮೂಸಿದರೆ ಮೊದಲ ಮಳೆಯ ಹೊಲದ ವಾಸನೆ. ಹೆಚ್ಚುವಾಗ ಚಾಕು ಸದ್ದೇ ಮಾಡಲಿಲ್ಲ. ಕಾದ ಎಣ್ಣೆಗೆ ಹಾಕಿದೆ, ಚೊರ್ ಎಂದು ನೀರು ಬಿಟ್ಟಿತು, ಆ ನೀರೂ ಹಿಂಗಿ ಅಂಚು ಕೆಂಪಗಾಯಿತು. ಅರೆದ ಖಾರ ಹಾಕಿದೆ. ಹಿತ್ತಲೆಲ್ಲ ಘಾಟು, ನನಗೆ ಸಾಲಾಗಿ ಸೀನು. ಕ್ಯಾಬೀಜು ಹರಿದು ಹಾಕಿ, ಸೋಯಾ ಸಾಸು ಸುರಿದು, ನೂಡಲ್ಸು ಸೇರಿಸಿ ಎರಡು ಕೈಯಿಂದ ಎತ್ತಿ ಎತ್ತಿ ತಿರುವಿದೆ. ಆಮೇಲೆ ನನ್ನ ಚಟ ನನ್ನನ್ನು ಬಿಡಲಿಲ್ಲ. ಒಂದು ತುಂಡು ಅಣಬೆ ಬಾಯಿಗೆ ಹಾಕಿಕೊಂಡೆ. ಮೆತ್ತಗೆ, ಒಳಗೆ ರಸ, ಉಪ್ಪಿಗೂ ಖಾರಕ್ಕೂ ಕೆಳಗೆ ಇನ್ನೊಂದು ರುಚಿ. ಅದಕ್ಕೆ ನನ್ನ ಹತ್ತಿರ ಹೆಸರಿರಲಿಲ್ಲ. ಇನ್ನೊಂದು ತುಂಡು ತಿಂದೆ. ಅತ್ತೆ ದಂಟು ಕೇಳಿದ್ದು ಯಾಕೆ ಎಂದು ಆಗ ಗೊತ್ತಾಯಿತು.

ಹೇಳಿಯೇ ಕೊಡುತ್ತೇನೆ, ಆದದ್ದಾಗಲಿ ಎಂದು ಗಟ್ಟಿ ಮಾಡಿಕೊಂಡು, ಕಡಾಯಿಯನ್ನೇ ಎತ್ತಿಕೊಂಡು ಒಳಗೆ ಹೋದೆ. ಅತ್ತೆ ಮೊದಲು ವಾಸನೆಗೆ ತಲೆ ಎತ್ತಿದರು. ಆಮೇಲೆ ಕಡಾಯಿಯ ಕಿವಿಯ ದಾರ ಕಂಡರು. ಕೈ ಚಾಚಿ ಅದನ್ನು ಬೆರಳಲ್ಲಿ ಹಿಡಿದುಕೊಂಡರು.

"ಅತ್ತಿ, ಇದರಾಗ ಒಂದು ಮಾತೈತ್ರಿ..."

"ಕ್ಯಾಬೀಜಿನ ದಂಟು," ಎಂದರು ಅವರು, ನನ್ನ ಮುಖವನ್ನೇ ನೋಡುತ್ತ. "ಹಾಕಿದಿ ಹೌದಿಲ್ಲೊ?"

ನಾನು ಹೂಂ ಎಂದೆ. ನನ್ನ ಗಟ್ಟಿತನ ಅಷ್ಟೇ.

ಅವರು ತಾಟು ಬೇಡವೆಂದು ಕಡಾಯಿಗೇ ಕೈ ಹಾಕಿದರು. ಮೊದಲ ತುತ್ತು ಬಾಯಲ್ಲಿ ಬಹಳ ಹೊತ್ತು ಇತ್ತು. ಎರಡನೆಯದಕ್ಕೆ ಮೂಗು ಸೋರಿತು, ಮೂರನೆಯದಕ್ಕೆ ಕಣ್ಣು. ಸೆರಗಿನಲ್ಲಿ ಒರೆಸಿಕೊಂಡು, ನಾಲಗೆ ಜುಂ ಅನ್ನುತ್ತಿದೆ, ಈಗ ನಾಲಗೆ ಇದೆ ಅನ್ನಿಸುತ್ತಿದೆ ಎಂದರು. ದಂಟನ್ನು ಆರಿಸಿ ಆರಿಸಿ ತಿಂದರು. ಕಡಾಯಿಯ ತಳ ಕಂಡಾಗ ನಾನು ಗೋಡೆಗೆ ಒರಗಿ ಕೂತೆ. ನಾಳೆಯ ನಳಿಗೆ ತಪ್ಪಿತು.

ಕೈ ತೊಳೆಸುವಾಗ ನನಗೆ ತಡೆಯಲಾಗಲಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೇ ಜ್ವರ ಬರುತ್ತಿತ್ತು. ಅದು ದಂಟಲ್ಲ ಅತ್ತಿ, ಅಣಬೆ, ತಪ್ಪಾಯಿತು ಎಂದು ಹೇಳಿಬಿಟ್ಟೆ. ನಾನು ನೀರು ಸುರಿಯುತ್ತಿದ್ದ ತಂಬಿಗೆಯನ್ನು ಅವರು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು.

"ನಲವತ್ತು ವರ್ಷ ಕ್ಯಾಬೀಜು ಬೆಳದಾಕಿ ನಾ. ದಂಟು ಯಾವುದು, ಅಣಬಿ ಯಾವುದು ನನಗ ತಿಳಿಯಂಗಿಲ್ಲೇನು?"

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಕೆದಕುವ ಚಟದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದೆ.

"ಗೊತ್ತೈತಿ ಅಂದ್ರ ತಿನ್ನೂದು ಬಿಡಬೇಕಾಗತಿತ್ತು. ಶಾವಿಗಿ ಬಿಡತಿದ್ನಿ, ಅದೇನು ದೊಡ್ಡದಲ್ಲ. ಆಕಿ ಮನಿಗೆ ಹೋಗೂದು ಬಿಡಾಕ ನನಗ ಆಗತಿರಲಿಲ್ಲ." ಸೆರಗಿಗೆ ಕೈ ಒರೆಸಿಕೊಂಡು, "ಆಕಿಗೆ ಹೇಳಬ್ಯಾಡ. ಅಷ್ಟು ಚಂದ ಸುಳ್ಳು ಹೇಳತಿದ್ಲು," ಎಂದರು.

ಮರುದಿನ ಡಾಕ್ಟರು ತೂಕ ನೋಡುವ ಮೊದಲೇ ಮುಖ ನೋಡಿ, ಏನು ತಿನ್ನಿಸಿದಿರಿ ಎಂದು ಕೇಳಿದರು. ಶಾವಿಗಿ ಎಂದರು ಅತ್ತೆ.

ಹದಿನೈದು ದಿನ ಬಿಟ್ಟು ಯಜಮಾನರು ಗಾಡಿ ಮಾಡಿಕೊಂಡು ಹೋಗಿ ಅಮಾಲಾ ಅವರನ್ನು ಕರೆತಂದರು. ನಮ್ಮ ಮನೆಗೆ ಅವರು ಬಂದದ್ದು ಅದೇ ಮೊದಲು. ಹಿತ್ತಲ ಬಿಸಿಲಲ್ಲಿ ಇಬ್ಬರೂ ಕಾಲು ಚಾಚಿ ಕೂತು, ಒಬ್ಬರ ಮೊಣಕಾಲನ್ನು ಇನ್ನೊಬ್ಬರು ಒತ್ತಿ ನೋಡಿದರು. ಯಾರದು ಹೆಚ್ಚು ಊದಿದೆ ಎಂದು ಸಣ್ಣ ವಾದವೂ ಆಯಿತು. ನಾನು ಬಚ್ಚಲ ಒಲೆಯ ಮೇಲೆ ಮಾಡಿ, ಕೆಂಪು ದಾರದ ಕಡಾಯಿಯನ್ನು ಇಬ್ಬರ ನಡುವೆ ಇಟ್ಟೆ.

ಅಮಾಲಾ ಒಂದು ತುಂಡು ಅಗಿದು, ನನ್ನ ಕಡೆ ಒಮ್ಮೆ ನೋಡಿ, ಅತ್ತೆಯ ಕಡೆ ತಿರುಗಿದರು.

"ಈ ಸಲ ದಂಟು ಚೊಲೊ ಒಣಗ್ಯಾವ ಅಕ್ಕಾ."

"ಹೌದವಾ, ನಮ್ಮ ಹೊಲದ್ದು," ಎಂದರು ಅತ್ತೆ.

ಆಗ ಅಮಾಲಾ ಅವರ ತುಟಿಯ ಅಂಚಿನಲ್ಲಿ ಏನೋ ಹಾದುಹೋಯಿತು. ಈ ಮುದುಕಿಗೂ ಎಲ್ಲ ಗೊತ್ತಿದೆಯೇ? ಮೊದಲಿಂದಲೂ ಗೊತ್ತಿತ್ತೇ? ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಕೇಳಿಕೊಂಡದ್ದು ನಿಜವೇ, ಅಥವಾ ಅದೂ ದಂಟೇ? ಪ್ರಶ್ನೆ ನನ್ನ ಗಂಟಲಿನವರೆಗೆ ಬಂತು. ಇಬ್ಬರೂ ತಿನ್ನುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಇನ್ನೊಂದೀಟು ದಂಟು ಹಾಕ್ಲೇನ್ರಿ?" ಎಂದು ಕೇಳಿದೆ.